ಪೆಲೊಪೊನೀಷಿಯನ್ ಯುದ್ಧ ಓದಬೇಕು ಅಂದರೆ ಯಾರಿಂದ ಶುರು ಮಾಡಬೇಕು?

ಹಳೇ ಗ್ರೀಸಿನ ಎರಡು ನಗರ ರಾಜ್ಯಗಳಾದ ಅಥೆನ್ಸ್ ಮತ್ತು ಸ್ಪಾರ್ಟಾ ಕ್ರಿ.ಪೂ. 431ರಲ್ಲಿ ಶುರು ಮಾಡಿದ ಈ ಯುದ್ಧ, ಸ್ಪಾರ್ಟಾ ಗೆದ್ದು, ಮುಗಿದದ್ದು 404ರಲ್ಲಿ. 27 ವರ್ಷ. ನಡುವೆ 421ರಲ್ಲಿ ‘ಇನ್ನು 50 ವರ್ಷ ಜಗಳವಿಲ್ಲ’ ಅಂತ ಒಂದು ಒಪ್ಪಂದವಾಯಿತು. ಅದು ಹೆಸರಿಗಷ್ಟೇ. ಈ ಯುದ್ಧದ ಬಗ್ಗೆ ಎಲ್ಲೋ ಒಂದು ವಿಡಿಯೊ ನೋಡಿ ಆಸಕ್ತಿ ಹುಟ್ಟಿದವರಿಗೆ ಮುಂದೆ ಬರುವ ಪ್ರಶ್ನೆ ಇದು: ಹಳೆಯವರು ಬರೆದದ್ದನ್ನೇ ಓದಬೇಕು, ಯಾರದ್ದನ್ನು ಮೊದಲು ಹಿಡಿಯಲಿ?

ಸಾಮಾನ್ಯವಾಗಿ ಸಿಗುವ ಉತ್ತರ ‘ಥ್ಯೂಸಿಡಿಡೀಸ್, ಮೊದಲ ಪುಟದಿಂದ’. ಹೆಸರು ಸರಿ, ಪುಟ ಸರಿಯಿಲ್ಲ. ಮೊದಲ ಪುಟದಿಂದ ಶುರು ಮಾಡಿದವರು ನಲವತ್ತನೇ ಪುಟದ ಹೊತ್ತಿಗೆ ಪುಸ್ತಕ ಮುಚ್ಚಿಡುವ ಸಾಧ್ಯತೆಯೇ ಜಾಸ್ತಿ. ಅವನ ಇತಿಹಾಸ ಎಂಟು ಭಾಗಗಳಲ್ಲಿದೆ, ಒಂದೊಂದು ಭಾಗಕ್ಕೂ ‘ಪುಸ್ತಕ’ ಅಂತಲೇ ಹೆಸರು. ಅವನನ್ನು ಆರನೇ ಪುಸ್ತಕದಿಂದ ಓದಿ ಅನ್ನುವುದು ನನ್ನ ಸಲಹೆ. ಆದರೆ ಎಲ್ಲರಿಗೂ ಅವನೇ ಹೊಂದಬೇಕು ಅಂತೇನಿಲ್ಲ. ನಮ್ಮ ಮುಂದೆ ಮುಖ್ಯವಾಗಿ ಐದು ಜನ ಇದ್ದಾರೆ: ಥ್ಯೂಸಿಡಿಡೀಸ್, ಕ್ಸೆನೊಫೋನ್, ಪ್ಲುಟಾರ್ಕ್, ಡಿಯೊಡೊರಸ್, ಮತ್ತೆ ನಾಟಕಕಾರ ಅರಿಸ್ಟೊಫೆನೀಸ್. ನಿಮಗೆ ಬೇಕಾದದ್ದು ಯುದ್ಧವೋ, ಮನುಷ್ಯರೋ, ಬೀದಿಯ ಮಾತೋ ಅನ್ನುವುದರ ಮೇಲೆ ಆಯ್ಕೆ ಬದಲಾಗುತ್ತದೆ.

ಮೊದಲು ಒಂದೇ ಪ್ರಶ್ನೆ ಕೇಳಿ ನೋಡೋಣ

ಯುದ್ಧ ಯಾಕೆ ಶುರುವಾಯಿತು? ಇದೊಂದನ್ನೇ ಕೇಳಿದರೂ ಇವರೆಲ್ಲ ಎಂಥವರು ಅಂತ ಗೊತ್ತಾಗಿಬಿಡುತ್ತದೆ.

ಥ್ಯೂಸಿಡಿಡೀಸ್ ಹೇಳುವುದು: ಜನ ಬಾಯಲ್ಲಿ ಹೇಳುವ ಕಾರಣಗಳು ಬೇರೆ, ನಿಜವಾದ ಕಾರಣ ಬೇರೆ. ಅಥೆನ್ಸ್ ಬೆಳೆಯುತ್ತಿತ್ತು, ಸ್ಪಾರ್ಟಾಕ್ಕೆ ಭಯ ಹುಟ್ಟಿತು, ಯುದ್ಧ ತಪ್ಪಲಿಲ್ಲ. ಕೊರ್ಸಿರಾ, ಪೊಟಿಡೇಯಾ ಊರುಗಳ ಜಗಳವನ್ನು ಅವನು ವಿವರವಾಗಿ ಬರೆಯುತ್ತಾನೆ. ಆದರೆ ಅವು ಮೇಲಿನ ನೆಪಗಳು ಅನ್ನುವುದು ಅವನ ನಿಲುವು.

ಅರಿಸ್ಟೊಫೆನೀಸ್ ಕ್ರಿ.ಪೂ. 425ರ ‘ಅಕಾರ್ನಿಯನ್ಸ್’ ನಾಟಕದಲ್ಲಿ ಕೊಡುವ ಉತ್ತರವೇ ಬೇರೆ. ಕುಡಿದ ಕೆಲವು ಹುಡುಗರು ಮೆಗಾರಾ ಊರಿಗೆ ಹೋಗಿ ಒಬ್ಬ ವೇಶ್ಯೆಯನ್ನು ಹೊತ್ತು ತಂದರಂತೆ. ಅದಕ್ಕೆ ಮೆಗಾರಾದವರು ಅಸ್ಪೇಸಿಯಾ ಮನೆಯ ಇಬ್ಬರನ್ನು ಹೊತ್ತೊಯ್ದರಂತೆ. ಅಸ್ಪೇಸಿಯಾ ಅಂದರೆ ಅಥೆನ್ಸಿನ ನಾಯಕ ಪೆರಿಕ್ಲೀಸನ ಸಂಗಾತಿ. ಪೆರಿಕ್ಲೀಸ್ ಸಿಟ್ಟಿಗೆದ್ದು ಮೆಗಾರಾದವರನ್ನು ಮಾರುಕಟ್ಟೆಯಿಂದ ಹೊರಗಟ್ಟಿದ, ಇಡೀ ಗ್ರೀಸ್ ಹೊತ್ತಿಕೊಂಡಿತು. ಇದು ತಮಾಷೆ. ಆದರೆ ತಮಾಷೆಯ ಒಳಗೆ ಒಂದು ನಿಜ ಇದೆ: ಮೆಗಾರಾದ ವ್ಯಾಪಾರಿಗಳಿಗೆ ಅಥೆನ್ಸಿನ ಬಂದರು, ಸಂತೆ ಎರಡನ್ನೂ ಮುಚ್ಚಿದ ಆಜ್ಞೆ ನಿಜವಾಗಿಯೂ ಹೊರಟಿತ್ತು. ಥ್ಯೂಸಿಡಿಡೀಸ್ ಅದನ್ನು ಹೇಳುತ್ತಾನೆ, ಆದರೆ ಅದಕ್ಕೆ ಜಾಸ್ತಿ ತೂಕ ಕೊಡುವುದಿಲ್ಲ. ನಾಟಕ ನೋಡಲು ಬಂದ ಅಥೆನ್ಸಿನ ಜನರ ತಲೆಯಲ್ಲಿ ಮಾತ್ರ ಅದೇ ಕೂತಿತ್ತು.

ಡಿಯೊಡೊರಸ್ ಪ್ರಕಾರ ಪೆರಿಕ್ಲೀಸ್ ಸಾರ್ವಜನಿಕ ಹಣದ ಲೆಕ್ಕ ಒಪ್ಪಿಸುವ ಪೇಚಿಗೆ ಸಿಕ್ಕಿದ್ದ. ಹೇಗೆ ಲೆಕ್ಕ ಕೊಡಲಿ ಅಂತ ಅವನು ಒದ್ದಾಡುತ್ತಿದ್ದಾಗ ಇನ್ನೂ ಹುಡುಗನಾಗಿದ್ದ ಆಲ್ಸಿಬಯಾಡೀಸ್, ‘ಕೊಡುವುದು ಹೇಗೆ ಅಂತ ಯೋಚಿಸಬೇಡ, ಕೊಡದೇ ಇರುವುದು ಹೇಗೆ ಅಂತ ಯೋಚಿಸು’ ಅಂದನಂತೆ. ಪೆರಿಕ್ಲೀಸ್ ಯೋಚಿಸಿ ಯುದ್ಧ ತಂದ. ಪ್ಲುಟಾರ್ಕ್ ಇಂಥವನ್ನೆಲ್ಲ ಒಂದೊಂದಾಗಿ ಮುಂದಿಡುತ್ತಾನೆ. ಮೆಗಾರಾ, ಅಸ್ಪೇಸಿಯಾ, ಶಿಲ್ಪಿ ಫಿಡಿಯಾಸನ ಮೇಲಿನ ಕೇಸು, ಎಲ್ಲ ಹೇಳಿ ಕೊನೆಗೆ ಸತ್ಯ ಸ್ಪಷ್ಟವಿಲ್ಲ ಅಂತ ಕೈತೊಳೆದುಕೊಳ್ಳುತ್ತಾನೆ. ಕ್ಸೆನೊಫೋನ್‌ಗೆ ಈ ಪ್ರಶ್ನೆಯೇ ಇಲ್ಲ. ಅವನ ಪುಸ್ತಕ ತೆರೆದುಕೊಳ್ಳುವ ಹೊತ್ತಿಗೆ ಯುದ್ಧಕ್ಕೆ 20 ವರ್ಷ ತುಂಬಿರುತ್ತದೆ.

ಈ ಐವರಲ್ಲಿ ಸ್ಪಾರ್ಟಾದವನು ಒಬ್ಬನೂ ಇಲ್ಲ, ಗಮನಿಸಿದಿರಾ? ಮೂವರು ಅಥೆನ್ಸಿನವರು, ಇಬ್ಬರು ನೂರಾರು ವರ್ಷ ಆಮೇಲೆ ಬಂದವರು. ಗೆದ್ದವರು ಬರೆಯಲಿಲ್ಲ, ಸೋತವರು ಬರೆದರು. ‘ಇತಿಹಾಸ ಬರೆಯುವವರು ಗೆದ್ದವರು’ ಅನ್ನುವ ಮಾತನ್ನು ಈ ಯುದ್ಧದ ಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ನೀವು ಯಾರನ್ನೇ ಆರಿಸಿಕೊಂಡರೂ ಸ್ಪಾರ್ಟಾವನ್ನು ಹೊರಗಿನಿಂದಲೇ ನೋಡುತ್ತೀರಿ.

ಥ್ಯೂಸಿಡಿಡೀಸ್: ಯುದ್ಧವೇ ಬೇಕು ಅನ್ನುವವರಿಗೆ

ಇವನು ಬರೀ ಬರಹಗಾರನಲ್ಲ, ಈ ಯುದ್ಧದಲ್ಲಿ ಸೇನಾನಿಯಾಗಿದ್ದವನು. ಯುದ್ಧದ ಎರಡನೇ ವರ್ಷ ಅಥೆನ್ಸಿಗೆ ಬಂದ ಪಿಡುಗು ಇವನಿಗೂ ತಗುಲಿತ್ತು, ಬದುಕಿಕೊಂಡ. ಕ್ರಿ.ಪೂ. 424ರ ಚಳಿಗಾಲದಲ್ಲಿ ಆಂಫಿಪೊಲಿಸ್ ಊರು ಸ್ಪಾರ್ಟಾದ ಬ್ರಾಸಿಡಾಸನ ಕೈಗೆ ಹೋಗುವಾಗ ಇವನ ಹಡಗುಗಳು ತಲುಪಿದ್ದು ತಡವಾಗಿ. ಪಕ್ಕದ ಈಯಾನ್ ಬಂದರನ್ನಷ್ಟೇ ಉಳಿಸಿಕೊಂಡ. ಅದಕ್ಕೆ 20 ವರ್ಷ ಗಡೀಪಾರು. ಗಡೀಪಾರಾದದ್ದರಿಂದ ಎರಡೂ ಕಡೆಯವರ ಮಾತು ಕೇಳಲು ತನಗೆ ಅನುಕೂಲವಾಯಿತು ಅಂತ ಅವನೇ ಬರೆದುಕೊಂಡಿದ್ದಾನೆ. ತನ್ನ ಸೋಲನ್ನು ಮಾತ್ರ ನಾಲ್ಕು ಸಾಲಲ್ಲಿ, ಬೇರೆ ಯಾರದ್ದೋ ವಿಷಯ ಅನ್ನುವ ಹಾಗೆ ಹೇಳಿ ಮುಂದೆ ಹೋಗುತ್ತಾನೆ.

ಮೊದಲ ಪುಸ್ತಕ ಯಾಕೆ ಕಷ್ಟ ಅಂದರೆ, ಅದು ಟ್ರಾಯ್ ಕಾಲದಿಂದ ಗ್ರೀಸಿನ ಹಳೇ ಕಥೆ ಹೇಳುತ್ತದೆ. ಆಮೇಲೆ ನಮಗೆ ಹೆಸರೇ ಗೊತ್ತಿಲ್ಲದ ಎಪಿಡಾಮ್ನಸ್ ಅನ್ನುವ ಊರಿನ ಜಗಳಕ್ಕೆ ಇಳಿಯುತ್ತದೆ. ನಂತರ ಭಾಷಣದ ಮೇಲೆ ಭಾಷಣ. ಪರಿಚಯ ಇಲ್ಲದವರಿಗೆ ಅದು ಮದುವೆ ಮನೆಯಲ್ಲಿ ದೂರದ ನೆಂಟರ ಪರಿಚಯ ಮಾಡಿಸಿದ ಹಾಗೆ, ಒಬ್ಬರ ಹೆಸರೂ ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಆರು ಮತ್ತು ಏಳನೇ ಪುಸ್ತಕ ಸಿಸಿಲಿ ದಂಡಯಾತ್ರೆ. ಅದೊಂದೇ ಕಥೆಯಾಗಿ ನಿಲ್ಲುತ್ತದೆ, ಹಿಂದಿನದ್ದು ಗೊತ್ತಿಲ್ಲದಿದ್ದರೂ ಓದಬಹುದು. ಕ್ರಿ.ಪೂ. 415ರಲ್ಲಿ ಅಥೆನ್ಸಿನ ಸಭೆ ಸೇರುತ್ತದೆ. ವಯಸ್ಸಾದ ನಿಕಿಯಾಸ್ ‘ಬೇಡ’ ಅನ್ನುತ್ತಾನೆ, ಹೊಳೆಯುವ ಯುವಕ ಆಲ್ಸಿಬಯಾಡೀಸ್ ‘ಹೋಗೋಣ’ ಅನ್ನುತ್ತಾನೆ. ಜನರನ್ನು ಹೆದರಿಸಿ ಬಿಡಿಸೋಣ ಅಂತ ನಿಕಿಯಾಸ್ ‘ಹೋಗುವುದಾದರೆ ಇಷ್ಟೊಂದು ದೊಡ್ಡ ಸೇನೆ ಬೇಕು’ ಅಂತ ಪಟ್ಟಿ ಕೊಡುತ್ತಾನೆ. ಜನ ಹೆದರುವುದಿಲ್ಲ, ಅಷ್ಟನ್ನೂ ಕೊಟ್ಟುಬಿಡುತ್ತಾರೆ! ಬೇಡ ಅಂದವನನ್ನೇ ಸೇನಾನಿಯನ್ನಾಗಿ ಕಳಿಸುತ್ತಾರೆ. ಕೊರ್ಸಿರಾದಲ್ಲಿ ಒಟ್ಟುಗೂಡಿ ಹೊರಟದ್ದು 134 ಟ್ರೈರೀಮ್ (ಮೂರು ಸಾಲು ಹುಟ್ಟಿನ ಯುದ್ಧದ) ಹಡಗು, 5,100 ಭಾರಿ ಕವಚದ ಕಾಲಾಳು.

ಮುಂದಿನದ್ದು ನಿಧಾನವಾಗಿ ಕುತ್ತಿಗೆ ಬಿಗಿಯುವ ಕಥೆ. ಹೊರಡುವ ಮೊದಲೇ ಊರಿನ ಹರ್ಮೀಸ್ ದೇವರ ಕಲ್ಲುಗಳನ್ನು ರಾತ್ರೋರಾತ್ರಿ ಯಾರೋ ವಿರೂಪ ಮಾಡುತ್ತಾರೆ. ತನಿಖೆಯ ಗದ್ದಲದಲ್ಲಿ ದೇವರ ಆಚರಣೆಯನ್ನು ಅಣಕಿಸಿದ ಆರೋಪವೂ ಏಳುತ್ತದೆ, ಆಲ್ಸಿಬಯಾಡೀಸನನ್ನು ವಿಚಾರಣೆಗೆ ವಾಪಸ್ ಕರೆಯುತ್ತಾರೆ. ಅವನು ದಾರಿಯಲ್ಲಿ ತಪ್ಪಿಸಿಕೊಂಡು ಸೀದಾ ಸ್ಪಾರ್ಟಾಕ್ಕೆ! ಲಾಮಕಸ್ ಅನ್ನುವ ಇನ್ನೊಬ್ಬ ಸೇನಾನಿ ಸಾಯುತ್ತಾನೆ. ಉಳಿದದ್ದು ಮೂತ್ರಪಿಂಡದ ಕಾಯಿಲೆಯ ನಿಕಿಯಾಸ್. ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿ, ಇನ್ನೇನು ಹೊರಟು ಜೀವ ಉಳಿಸಿಕೊಳ್ಳಬೇಕು ಅನ್ನುವಾಗ, ಚಂದ್ರಗ್ರಹಣ. ಜೋಯಿಸರು ‘ಮೂರು ಒಂಬತ್ತು ದಿನ ಕಾಯಿರಿ’ ಅಂದರು. 27 ದಿನ. ನಿಕಿಯಾಸ್ ಕಾಯುತ್ತೇನೆ ಅಂದ. ಶತ್ರುಗಳು ಕಾಯಲಿಲ್ಲ.

ಸಿಸಿಲಿಯ ಸಿರಾಕ್ಯೂಸ್ ಊರಿನ ಬಂದರಿನಲ್ಲಿ ನಡೆದ ಕೊನೆಯ ಕದನದಲ್ಲಿ ಥ್ಯೂಸಿಡಿಡೀಸ್ ಹಡಗುಗಳಿಗಿಂತ ದಡದಲ್ಲಿ ನಿಂತವರನ್ನು ಜಾಸ್ತಿ ನೋಡುತ್ತಾನೆ. ತಮ್ಮವರು ಗೆಲ್ಲುವುದು ಕಂಡವರು ಕೂಗುತ್ತಾರೆ, ಸೋಲುವುದು ಕಂಡವರು ಅಳುತ್ತಾರೆ. ಏನೂ ನಿರ್ಧಾರವಾಗದ ಕಡೆ ನೋಡುತ್ತಿದ್ದವರ ಮೈ ಹಡಗಿನ ಜೊತೆಗೇ ಆ ಕಡೆ ಈ ಕಡೆ ವಾಲುತ್ತದೆ. ಸೆರೆ ಸಿಕ್ಕ 7,000ಕ್ಕೂ ಹೆಚ್ಚು ಜನರನ್ನು ಸಿರಾಕ್ಯೂಸಿನ ಕಲ್ಲುಗಣಿಗೆ ತಳ್ಳಿದರು. ದಿನಕ್ಕೆ ಒಬ್ಬನಿಗೆ ಕಾಲು ಲೀಟರಿನಷ್ಟು ನೀರು, ಅದರ ಎರಡರಷ್ಟು ಧಾನ್ಯ. ಸತ್ತವರ ಹೆಣ ಬದುಕಿದವರ ಪಕ್ಕದಲ್ಲೇ. ಇದನ್ನು ಓದಿದ ಮೇಲೆ ನಿಮಗೆ ಈ ಬರಹಗಾರ ಬೇಕೋ ಬೇಡವೋ ಅಂತ ಸಂಶಯವೇ ಇರುವುದಿಲ್ಲ.

ಏಳನೇ ಪುಸ್ತಕದಲ್ಲಿ ಒಂದು ಸಣ್ಣ ತುಣುಕನ್ನು ಹಾರಿಸಬೇಡಿ. ಸಿಸಿಲಿಗೆ ಹೋಗಲು ತಡವಾಗಿ ಬಂದ ಥ್ರೇಸಿನ ಬಾಡಿಗೆ ಸೈನಿಕರನ್ನು ಅಥೆನ್ಸ್ ಸಂಬಳ ಉಳಿಸಲು ವಾಪಸ್ ಕಳಿಸುತ್ತದೆ. ಅವರು ದಾರಿಯಲ್ಲಿ ಮಿಕಾಲೆಸಸ್ ಅನ್ನುವ ಪುಟ್ಟ ಊರಿಗೆ ನುಗ್ಗುತ್ತಾರೆ, ಆಗತಾನೇ ಶಾಲೆಗೆ ಬಂದು ಕೂತಿದ್ದ ಮಕ್ಕಳನ್ನೆಲ್ಲ ಕೊಲ್ಲುತ್ತಾರೆ. ಯುದ್ಧದ ಲೆಕ್ಕದಲ್ಲಿ ಆ ಊರಿಗೆ ಯಾವ ಬೆಲೆಯೂ ಇಲ್ಲ. ಆದರೂ ಅವನು ನಿಂತು ಬರೆದಿದ್ದಾನೆ.

ಆಮೇಲೆ ಎರಡು ಮತ್ತು ಮೂರನೇ ಪುಸ್ತಕಕ್ಕೆ ಹಿಂದೆ ಬನ್ನಿ. ಎರಡನೆಯದರಲ್ಲಿ ಪೆರಿಕ್ಲೀಸ್ ಸತ್ತ ಯೋಧರ ಮುಂದೆ ಮಾಡಿದ ಪ್ರಸಿದ್ಧ ಭಾಷಣ ಇದೆ. ಅದರ ಬೆನ್ನಿಗೇ, ಉಸಿರು ಬಿಡಲೂ ಬಿಡದೆ, ಪಿಡುಗಿನ ವರ್ಣನೆ. ಮೇಲಿನ ಪುಟದಲ್ಲಿ ‘ನಾವು ಕಾನೂನಿಗೆ ಗೌರವ ಕೊಡುವವರು’, ಕೆಳಗಿನ ಪುಟದಲ್ಲಿ ಬೇರೆಯವರು ಒಟ್ಟಿದ ಚಿತೆಯ ಮೇಲೆ ತಮ್ಮ ಹೆಣ ಎಸೆದು ಓಡುವ ಜನ. ಈ ಜೋಡಣೆ ಸುಮ್ನೆ ಆದದ್ದಲ್ಲ ಅಂತ ನನಗೆ ಅನಿಸುತ್ತದೆ. ಮೂರನೆಯದರಲ್ಲಿ ಮಿಟಿಲೀನಿ ಚರ್ಚೆ. ದಂಗೆ ಎದ್ದ ಊರಿನ ಗಂಡಸರನ್ನೆಲ್ಲ ಕೊಲ್ಲಿ ಅಂತ ತೀರ್ಮಾನಿಸಿ ಹಡಗು ಕಳಿಸಿದ ಸಭೆ, ಮಾರನೇ ದಿನ ಮನಸ್ಸು ಬದಲಿಸಿ ಎರಡನೇ ಹಡಗು ಕಳಿಸುತ್ತದೆ. ಮೊದಲನೆಯದು ಒಂದು ಹಗಲು ಒಂದು ರಾತ್ರಿ ಮುಂದೆ ಹೋಗಿತ್ತು. ಎರಡನೆಯದರವರು ಹುಟ್ಟು ಹಾಕುತ್ತಲೇ ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟು ತಿಂದು, ಸರದಿಯ ಮೇಲೆ ಮಲಗಿ, ಆಜ್ಞೆ ಓದಿ ಮುಗಿಸುವ ಹೊತ್ತಿಗೆ ತಲುಪುತ್ತಾರೆ.

ಐದನೆಯದರಲ್ಲಿ ಕೊನೆಯ ಭಾಗ ಸಾಕು. ಮೀಲಾಸ್ ದ್ವೀಪದವರ ಜೊತೆ ಅಥೆನ್ಸಿನ ದೂತರ ಮಾತುಕತೆ ಅದು. ನ್ಯಾಯದ ಮಾತು ಸಮಬಲರ ನಡುವೆ ಮಾತ್ರ, ಬಲ ಇದ್ದವನು ಆಗುವಷ್ಟು ಮಾಡುತ್ತಾನೆ, ಇಲ್ಲದವನು ಸಹಿಸುತ್ತಾನೆ ಅನ್ನುವ ಧಾಟಿಯ ಮಾತು ಬರುವುದು ಇಲ್ಲೇ. ಮೀಲಾಸಿನ ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಮುಂದಿನ ಪುಸ್ತಕ ತೆಗೆದರೆ ಅದೇ ಅಥೆನ್ಸ್ ಸಿಸಿಲಿಯ ಕನಸು ಕಾಣುತ್ತಿರುತ್ತದೆ. ಎಂಟನೇ ಪುಸ್ತಕ ಒಣಕಲು. ಕ್ರಿ.ಪೂ. 411ರಲ್ಲಿ ಕಥೆಯ ನಡುವೆಯೇ ನಿಂತುಹೋಗುತ್ತದೆ.

ಇವನ ದೋಷ? ಭಾಷಣಗಳು ಇದ್ದದ್ದು ಇದ್ದ ಹಾಗೆ ಅಲ್ಲ. ಒಟ್ಟು ಆಶಯಕ್ಕೆ ಹತ್ತಿರವಾಗಿದ್ದು, ಸಂದರ್ಭಕ್ಕೆ ಏನು ಹೇಳಬೇಕಿತ್ತೋ ಅದನ್ನು ಹೇಳಿಸಿದ್ದೇನೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಇನ್ನು ಕ್ಲಿಯಾನ್ ಅನ್ನುವ ರಾಜಕಾರಣಿಯ ಮೇಲೆ ಎದ್ದು ಕಾಣುವ ಸಿಟ್ಟು. ಸ್ಫಾಕ್ಟೀರಿಯಾ ದ್ವೀಪದಲ್ಲಿ ಸಿಕ್ಕಿಬಿದ್ದ ಸ್ಪಾರ್ಟಾದವರನ್ನು 20 ದಿನದಲ್ಲಿ ತರುತ್ತೇನೆ ಅಂತ ಕ್ಲಿಯಾನ್ ಮಾತು ಕೊಟ್ಟಾಗ ಅದು ಹುಚ್ಚು ಮಾತು ಅನ್ನುತ್ತಾನೆ. ಕ್ಲಿಯಾನ್ ಹೇಳಿದ ಹಾಗೇ 292 ಸೆರೆಯಾಳುಗಳನ್ನು ತಂದ. ಅದನ್ನೂ ಬರೆಯುತ್ತಾನೆ, ಆದರೆ ‘ಹುಚ್ಚು’ ಅನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ಲುಟಾರ್ಕ್: ಮನುಷ್ಯರು ಬೇಕು ಅನ್ನುವವರಿಗೆ

ಇತಿಹಾಸ ಅಂದರೆ ಬೇಸರ, ಕಥೆ ಅಂದರೆ ಇಷ್ಟ ಅನ್ನುವವರು ಥ್ಯೂಸಿಡಿಡೀಸನನ್ನು ಮುಟ್ಟಲೇಬೇಡಿ, ಪ್ಲುಟಾರ್ಕ್ ಹತ್ತಿರ ಬನ್ನಿ. ಇವನು ಯುದ್ಧ ಮುಗಿದು ಸುಮಾರು 500 ವರ್ಷದ ಮೇಲೆ, ರೋಮನ್ ಸಾಮ್ರಾಜ್ಯದ ಕಾಲದಲ್ಲಿ, ಕೈರೊನಿಯಾ ಅನ್ನುವ ಊರಲ್ಲಿ ಕೂತು ಬರೆದವನು. ಒಬ್ಬ ಗ್ರೀಕನಿಗೆ ಒಬ್ಬ ರೋಮನನನ್ನು ಜೋಡಿ ಮಾಡಿ ಜೀವನಚರಿತ್ರೆ ಬರೆಯುವುದು ಇವನ ಪದ್ಧತಿ. ಈ ಯುದ್ಧಕ್ಕೆ ಬೇಕಾದದ್ದು ನಾಲ್ಕು: ಪೆರಿಕ್ಲೀಸ್, ನಿಕಿಯಾಸ್, ಆಲ್ಸಿಬಯಾಡೀಸ್, ಲೈಸಾಂಡರ್. ಒಂದೊಂದನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಆಲ್ಸಿಬಯಾಡೀಸನಿಂದ ಶುರು ಮಾಡಿ. ದುಬಾರಿ ಬೆಲೆಯ ಚೆಂದದ ನಾಯಿ ಕೊಂಡು ಅದರ ಬಾಲ ಕತ್ತರಿಸಿದನಂತೆ. ಊರೆಲ್ಲ ಬೈಯುತ್ತಿದೆ ಅಂತ ಗೆಳೆಯರು ಹೇಳಿದಾಗ, ‘ಅದೇ ಬೇಕಿತ್ತು, ನಾಯಿಯ ಬಗ್ಗೆ ಮಾತಾಡುತ್ತಿದ್ದರೆ ಇದಕ್ಕಿಂತ ಕೆಟ್ಟದ್ದನ್ನು ಮಾತಾಡುವುದಿಲ್ಲ’ ಅಂದನಂತೆ. ಇವತ್ತಿನ ಎಷ್ಟೋ ರಾಜಕಾರಣಿಗಳಿಗೆ ಗುರು ಇವನೇ ಇರಬೇಕು!

ಪ್ಲುಟಾರ್ಕ್ ತನ್ನ ಮಿತಿ ತಿಳಿದವನು. ನಿಕಿಯಾಸನ ಚರಿತ್ರೆಯ ಆರಂಭದಲ್ಲೇ, ಥ್ಯೂಸಿಡಿಡೀಸ್ ಬರೆದದ್ದರ ಜೊತೆ ಪೈಪೋಟಿ ಮಾಡುವುದಿಲ್ಲ, ಬೇರೆಯವರು ಬಿಟ್ಟ ಚೂರುಪಾರುಗಳನ್ನು, ಹಳೇ ಶಾಸನಗಳಲ್ಲಿ ಸಿಕ್ಕಿದ್ದನ್ನು ಹೆಕ್ಕುತ್ತೇನೆ ಅನ್ನುತ್ತಾನೆ. ಹೆಕ್ಕಿದ್ದು ಚೆನ್ನಾಗಿದೆ. ಸಿಸಿಲಿಯಲ್ಲಿ ಸೋತ ಸೈನಿಕರಲ್ಲಿ ಕೆಲವರು ಯೂರಿಪಿಡೀಸನ ನಾಟಕದ ಸಾಲು ಹಾಡಿ ಊಟ, ನೀರು, ಬಿಡುಗಡೆ ಪಡೆದರಂತೆ. ಸೋಲಿನ ಸುದ್ದಿ ಅಥೆನ್ಸಿಗೆ ಬಂದದ್ದೂ ವಿಚಿತ್ರವಾಗಿ. ಪಿರೇಯಸ್ ಬಂದರಿನ ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಯಾರೋ ಪರಸ್ಥಳದವನು, ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಹಾಗೆ, ಸಿಸಿಲಿಯ ಮಾತು ತೆಗೆದ. ಕ್ಷೌರಿಕ ಊರೊಳಗೆ ಓಡಿ ಹೇಳಿದ. ಯಾರು ಹೇಳಿದರು ಅಂತ ಸರಿಯಾಗಿ ಹೇಳಲಾಗದ್ದಕ್ಕೆ ಸುಳ್ಳುಗಾರ ಅಂತ ಅವನನ್ನೇ ಚಕ್ರಕ್ಕೆ ಕಟ್ಟಿ ಹಿಂಸಿಸಿದರು, ನಿಜವಾದ ಸುದ್ದಿ ಬರುವವರೆಗೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವೆಲ್ಲ ನಡೆದವೇ? ಕೆಲವು ನಡೆದಿರಬಹುದು. ಇವನನ್ನು ಮಾತ್ರ ಓದಿದರೆ ಯುದ್ಧದ ಸಾಲು ಸಿಗುವುದಿಲ್ಲ. ಯಾವ ವರ್ಷ ಏನಾಯಿತು, ಯಾವ ಊರು ಯಾರ ಕಡೆ ಅನ್ನುವುದು ಗೊಂದಲವಾಗುತ್ತದೆ. ಸಿಸಿಲಿ ಓದಿ ಮುಗಿಸಿದ ಮೇಲೆ ನಿಕಿಯಾಸನ ಚರಿತ್ರೆ ಓದಿದರೆ ಎರಡೂ ಕೂಡಿಕೊಳ್ಳುತ್ತವೆ.

ಕ್ಸೆನೊಫೋನ್: ಕೊನೆ ಏನಾಯಿತು ಅಂತ ತಿಳಿಯಲು

ಥ್ಯೂಸಿಡಿಡೀಸ್ ನಿಲ್ಲಿಸಿದ ಕಡೆ, ಹೆಚ್ಚುಕಡಿಮೆ ‘ಇದಾದ ಮೇಲೆ’ ಅಂತಲೇ ಇವನ ‘ಹೆಲೆನಿಕಾ’ ಶುರುವಾಗುತ್ತದೆ. ಪುಸ್ತಕ ಕ್ರಿ.ಪೂ. 362ರವರೆಗೆ ಹೋಗುತ್ತದೆ. ಯುದ್ಧಕ್ಕೆ ನಿಮಗೆ ಬೇಕಾದದ್ದು ಮೊದಲ ಎರಡು ಭಾಗ ಮಾತ್ರ. ಯುದ್ಧ ಮುಗಿದ ಮೇಲೆ ಅಥೆನ್ಸನ್ನು ಆಳಿದ 30 ಜನರ ಗುಂಪಿನ ಕ್ರೌರ್ಯವೂ ಅಲ್ಲೇ ಬರುತ್ತದೆ.

ಬುದ್ಧಿಯಲ್ಲಿ ಇವನು ಥ್ಯೂಸಿಡಿಡೀಸನ ಹತ್ತಿರಕ್ಕೂ ಬರುವುದಿಲ್ಲ. ಯಾಕೆ ಹೀಗಾಯಿತು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳುವವನಲ್ಲ. ಸಾಕ್ರಟೀಸನ ಶಿಷ್ಯ, ಆದರೆ ಮುಂದೆ ಸ್ಪಾರ್ಟಾದ ರಾಜ ಅಗೆಸಿಲಾಸನ ಜೊತೆ ಸೇರಿದವನು. ಸ್ಪಾರ್ಟಾದವರು ಕೊಟ್ಟ ಜಮೀನಿನಲ್ಲಿ ಒಲಿಂಪಿಯಾ ಹತ್ತಿರ ಬಾಳಿದವನು. ಅದರ ವಾಸನೆ ಪುಸ್ತಕದಲ್ಲಿದೆ. ಆದರೂ ಇವನ ದೃಶ್ಯಗಳು ಒಳ್ಳೆಯವು, ಓಟ ಸಲೀಸು. ಸಿಝಿಕಸ್‌ನಲ್ಲಿ ಸೋತ ಸ್ಪಾರ್ಟಾದವರು ಊರಿಗೆ ಬರೆದ ಕಾಗದ ಅಥೆನ್ಸಿನವರ ಕೈಗೆ ಸಿಕ್ಕಿತು: ಹಡಗು ಹೋದವು, ಮಿಂಡಾರಸ್ (ಅವರ ನೌಕಾಪಡೆಯ ಸೇನಾನಿ) ಸತ್ತ, ಜನ ಹಸಿದಿದ್ದಾರೆ, ಏನು ಮಾಡುವುದೋ ತಿಳಿಯುತ್ತಿಲ್ಲ. ಅಷ್ಟೇ ಕಾಗದ.

ಇವನನ್ನು ಓದದಿದ್ದರೆ ಒಂದು ದೊಡ್ಡ ವಿಷಯ ತಪ್ಪಿಹೋಗುತ್ತದೆ: ಪರ್ಷಿಯಾದ ಹಣ. ನಮ್ಮಲ್ಲಿ ಬಿ.ಎಂ.ಶ್ರೀ. ಅವರ ‘ಪಾರಸಿಕರು’ ಓದಿದವರಿಗೆ ಗ್ರೀಕರ ಕೈಯಲ್ಲಿ ಪರ್ಷಿಯಾ ಸೋತದ್ದು ನೆನಪಿರುತ್ತದೆ. ಅದು ಈ ಯುದ್ಧಕ್ಕಿಂತ ಸುಮಾರು 50 ವರ್ಷ ಹಿಂದಿನ ಮಾತು, ಆಗ ಅಥೆನ್ಸ್ ಮತ್ತು ಸ್ಪಾರ್ಟಾ ಒಂದೇ ಕಡೆ ಇದ್ದವು. ಈಗ ಅದೇ ಪರ್ಷಿಯಾ ಹಣದ ಚೀಲ ಹಿಡಿದು ಬರುತ್ತದೆ. ರಾಜಕುಮಾರ ಸೈರಸ್ 500 ಟ್ಯಾಲೆಂಟ್ ಬೆಳ್ಳಿ ತಂದಿದ್ದೇನೆ ಅನ್ನುತ್ತಾನೆ. ಔತಣದಲ್ಲಿ ‘ನಿನಗೇನು ಬೇಕು’ ಅಂತ ಕೇಳಿದಾಗ ಸ್ಪಾರ್ಟಾದ ಲೈಸಾಂಡರ್ ಕೇಳುವುದು ಒಂದೇ: ಹುಟ್ಟು ಹಾಕುವವನ ದಿನಗೂಲಿಗೆ ಇನ್ನೊಂದು ಒಬೊಲ್ (ಒಂದು ಸಣ್ಣ ನಾಣ್ಯ) ಸೇರಿಸು. 3 ಇದ್ದದ್ದು 4 ಆಯಿತು. 27 ವರ್ಷದ ಯುದ್ಧ ಯಾವುದರಿಂದ ತಿರುಗಿತು ಅಂತ ನನ್ನನ್ನು ಕೇಳಿದರೆ ಆ ಒಂದು ಒಬೊಲ್ ಕಡೆ ಕೈ ತೋರಿಸುತ್ತೇನೆ.

ಆರ್ಗಿನೂಸೆ ವಿಚಾರಣೆಯನ್ನು ಮಾತ್ರ ಇವನಲ್ಲೂ ಓದಿ, ಡಿಯೊಡೊರಸ್‌ನಲ್ಲೂ ಓದಿ. ಕ್ರಿ.ಪೂ. 406ರಲ್ಲಿ ಅಥೆನ್ಸ್ ಸಮುದ್ರದಲ್ಲಿ ದೊಡ್ಡ ಗೆಲುವು ಪಡೆಯಿತು. ಗೆದ್ದ ಸೇನಾನಿಗಳಿಗೆ ಊರು ಕೊಟ್ಟದ್ದು ಮರಣದಂಡನೆ. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ಎತ್ತಲಿಲ್ಲ ಅನ್ನುವುದು ಆರೋಪ. ಎಂಟು ಜನರಿಗೆ ಶಿಕ್ಷೆ, ಊರಲ್ಲಿದ್ದ ಆರು ಜನರನ್ನು ಕೊಂದರು. ಅವರಲ್ಲಿ ಒಬ್ಬ ಪೆರಿಕ್ಲೀಸನ ಮಗ. ಎಲ್ಲರಿಗೂ ಒಟ್ಟಿಗೆ ಒಂದೇ ಮತ ಹಾಕುವುದು ಕಾನೂನಿಗೆ ವಿರುದ್ಧ ಅಂತ ಆ ದಿನ ಸಭೆ ನಡೆಸುವವರಲ್ಲಿ ಕೊನೆವರೆಗೂ ಅಡ್ಡ ನಿಂತವನು ಸಾಕ್ರಟೀಸ್. ಕ್ಸೆನೊಫೋನ್ ಪ್ರಕಾರ ಬಿಟ್ಟುಬಂದದ್ದು ಒಡೆದ ಹಡಗುಗಳಲ್ಲಿ ಇನ್ನೂ ಜೀವವಿದ್ದವರನ್ನು. ಡಿಯೊಡೊರಸ್ ಹೇಳುವುದು ಹೆಣಗಳ ಬಗ್ಗೆ. ಆರೋಪದ ತೂಕವೇ ಬದಲಾಗುತ್ತದೆ, ಅಲ್ವಾ?

ಡಿಯೊಡೊರಸ್: ಎರಡನೇ ಸಾಕ್ಷಿ

ಇವನಿಂದ ಶುರು ಮಾಡಬೇಡಿ. ಕ್ರಿ.ಪೂ. ಮೊದಲ ಶತಮಾನದ ಸಿಸಿಲಿಯವನು, 40 ಪುಸ್ತಕಗಳ ಲೋಕಚರಿತ್ರೆ ಬರೆದ. ಈ ಯುದ್ಧ ಬರುವುದು 12 ಮತ್ತು 13ರಲ್ಲಿ. ಹಲವು ವರ್ಷ ನಡೆದದ್ದನ್ನು ಒಂದೇ ವರ್ಷದ ಕೆಳಗೆ ತುರುಕುತ್ತಾನೆ, ಕಾಲದ ಲೆಕ್ಕ ನಂಬುವ ಹಾಗಿಲ್ಲ. ಶೈಲಿಯೂ ಸಪ್ಪೆ. ಆದರೆ ಈಗ ಕಳೆದುಹೋಗಿರುವ ಎಫೊರಸ್‌ನಂಥ ಹಳೇ ಇತಿಹಾಸಕಾರರನ್ನು ಇವನು ಓದಿದ್ದ. ಹಾಗಾಗಿ ಥ್ಯೂಸಿಡಿಡೀಸ್ ನಿಂತ ಮೇಲೆ ಕ್ಸೆನೊಫೋನ್‌ನನ್ನು ಒರೆಗೆ ಹಚ್ಚಲು ಇವನು ಬೇಕು.

ಒಂದು ಕಡೆ ಇವನೂ ಮನಸ್ಸಿನಲ್ಲಿ ಉಳಿಯುತ್ತಾನೆ. ಸಿರಾಕ್ಯೂಸಿನಲ್ಲಿ ಸೆರೆಯಾಳುಗಳನ್ನು ಏನು ಮಾಡುವುದು ಅಂತ ಚರ್ಚೆ. ಯುದ್ಧದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ನಿಕೊಲಾಸ್ ಅನ್ನುವ ಮುದುಕನನ್ನು ಆಳುಗಳು ಹಿಡಿದು ಮೇಲೆ ಹತ್ತಿಸುತ್ತಾರೆ. ಶಿಕ್ಷೆ ಕೇಳುತ್ತಾನೆ ಅಂದುಕೊಂಡರೆ ಅವನು ಕರುಣೆ ತೋರಿಸಿ ಅನ್ನುತ್ತಾನೆ. ಸಿರಾಕ್ಯೂಸಿನ ನೆರವಿಗೆ ಬಂದಿದ್ದ ಸ್ಪಾರ್ಟಾದ ಸೇನಾನಿ ಗಿಲಿಪ್ಪಸ್ ಅದರ ವಿರುದ್ಧ ಉದ್ದಕ್ಕೆ ಮಾತಾಡಿ ಗೆಲ್ಲುತ್ತಾನೆ. ಥ್ಯೂಸಿಡಿಡೀಸ್‌ನಲ್ಲಿ ಈ ಮುದುಕನೇ ಇಲ್ಲ. ಗಿಲಿಪ್ಪಸ್ ಅಲ್ಲಿ ಶತ್ರು ಸೇನಾನಿಗಳನ್ನು ಜೀವಂತ ಊರಿಗೆ ಒಯ್ಯಬೇಕು ಅಂತಿದ್ದವನು. ಭಾಷಣ ಕಟ್ಟಿದ್ದೇ ಇರಬಹುದು. ಓದಿ ನೋಡಿ, ನೀವೇ ಹೇಳಿ.

ಅರಿಸ್ಟೊಫೆನೀಸ್: ಬೀದಿಯ ಮಾತು

ಉಳಿದ ನಾಲ್ವರಲ್ಲಿ ಸಾಮಾನ್ಯ ಮನುಷ್ಯ ಎಣಿಕೆಯಲ್ಲಿ ಬರುತ್ತಾನೆ: ಇಷ್ಟು ಸತ್ತರು, ಇಷ್ಟು ಸೆರೆ. ಇಲ್ಲಿ ಅವನೇ ಬಾಯಿ ತೆರೆಯುತ್ತಾನೆ. ಅದೂ ಯುದ್ಧ ನಡೆಯುತ್ತಿರುವಾಗಲೇ, ಸಾವಿರಾರು ಜನರ ಮುಂದೆ.

‘ಅಕಾರ್ನಿಯನ್ಸ್’ ನಾಟಕದ ರೈತ ಡೈಸಿಯೊಪೊಲಿಸ್‌ಗೆ ಯುದ್ಧ ಸಾಕಾಗಿದೆ. 8 ಡ್ರಾಕ್ಮಾ ಕೊಟ್ಟು ತನ್ನ ಮನೆ ಮಟ್ಟಿಗೆ ಸ್ಪಾರ್ಟಾದ ಜೊತೆ ಶಾಂತಿ ತರಿಸಿಕೊಳ್ಳುತ್ತಾನೆ. ಶಾಂತಿ ಬರುವುದು ದ್ರಾಕ್ಷಾರಸದ ರೂಪದಲ್ಲಿ: 5 ವರ್ಷದ್ದು, 10 ವರ್ಷದ್ದು, 30 ವರ್ಷದ್ದು. ರುಚಿ ನೋಡಿ 30 ವರ್ಷದ್ದನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ಹಸಿದ ಮೆಗಾರಾದವನೊಬ್ಬ ಬರುತ್ತಾನೆ. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹಂದಿಮರಿ ಅಂತ ಚೀಲದಲ್ಲಿ ಹಾಕಿ ಮಾರಲು ತಂದಿರುತ್ತಾನೆ. ಬೆಲೆ? ಬೆಳ್ಳುಳ್ಳಿ ಮತ್ತು ಉಪ್ಪು. ಮೊದಲು ಇವೆರಡನ್ನೂ ಅಥೆನ್ಸಿಗೆ ಮಾರುತ್ತಿದ್ದದ್ದೇ ಮೆಗಾರಾದವರು. ಜನ ನಕ್ಕಿರಬೇಕು, ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿರಲೂಬಹುದು. ಈ ನಾಟಕಕ್ಕೆ ಆ ವರ್ಷ ಮೊದಲ ಬಹುಮಾನ ಬಂತು.

ಕ್ರಿ.ಪೂ. 411ರ ‘ಲಿಸಿಸ್ಟ್ರಾಟ’ ಎಲ್ಲರಿಗೂ ಗೊತ್ತು. ಎರಡೂ ಕಡೆಯ ಹೆಂಗಸರು ಯುದ್ಧ ನಿಲ್ಲಿಸುವವರೆಗೆ ಗಂಡಂದಿರನ್ನು ಹತ್ತಿರ ಬಿಡುವುದಿಲ್ಲ ಅಂತ ಪಣ ತೊಡುವ ಕಥೆ. ಆಡಿ ನಗಿಸುವುದು ಅದೇ ಭಾಗ. ಆದರೆ ಆ ಹೆಂಗಸರು ಅಥೆನ್ಸಿನ ಕೋಟೆಗುಡ್ಡ ಅಕ್ರೊಪೊಲಿಸ್ ಏರಿ ಖಜಾನೆಗೆ ಬೀಗ ಹಾಕುವುದು ಅದಕ್ಕಿಂತ ಹರಿತ. ಯುದ್ಧದ ಆರಂಭದಲ್ಲಿ ಅಥೆನ್ಸ್ 1,000 ಟ್ಯಾಲೆಂಟ್ ತೆಗೆದಿಟ್ಟು, ಇದನ್ನು ಮುಟ್ಟುವ ಮಾತೆತ್ತಿದವನಿಗೆ ಸಾವು ಅಂತ ನಿಯಮ ಮಾಡಿತ್ತು. ಸಿಸಿಲಿಯ ಸೋಲಿನ ಮರುವರ್ಷ ಆ ನಿಯಮ ತೆಗೆದುಹಾಕಿ ಹಣಕ್ಕೆ ಕೈಹಾಕಿದ್ದರು. ನೋಡುತ್ತಿದ್ದವರಿಗೆ ಅದು ಹೊಸ ಗಾಯ.

ತೊಂದರೆ ಅಂದರೆ ಅಡಿಟಿಪ್ಪಣಿ ಇಲ್ಲದೆ ಅರ್ಧ ಹಾಸ್ಯ ಅರ್ಥವಾಗುವುದಿಲ್ಲ. ಅಶ್ಲೀಲವೂ ಧಾರಾಳ. ಹಳೇ ಅನುವಾದಗಳು ಅದನ್ನು ಮುಚ್ಚಿಟ್ಟು ನಾಟಕವನ್ನೇ ಕೊಂದಿವೆ. ಹೊಸದನ್ನೇ ಹುಡುಕಿ.

ಯಾವ ಪ್ರತಿ ಕೊಳ್ಳುವುದು

ಇಂಗ್ಲಿಷ್‌ನಲ್ಲಿ ಓದುವುದಾದರೆ ಥ್ಯೂಸಿಡಿಡೀಸ್‌ಗೆ ಆಯ್ಕೆ ಬಹಳ. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1629ರಲ್ಲಿ ಮಾಡಿದ ಅನುವಾದ ಚರಿತ್ರೆಯ ಕುತೂಹಲಕ್ಕೆ ಸರಿ, ಮೊದಲ ಓದಿಗೆ ಬೇಡ. ರಿಚರ್ಡ್ ಕ್ರಾಲಿಯ 1874ರ ಅನುವಾದ ನೆಟ್‌ನಲ್ಲಿ ಉಚಿತ. ವಾಕ್ಯ ಉದ್ದ, ಆದರೆ ಗತ್ತು ಇದೆ. ರೆಕ್ಸ್ ವಾರ್ನರ್ 1954ರಲ್ಲಿ ಪೆಂಗ್ವಿನ್‌ಗೆ ಮಾಡಿದ್ದು ಸುಲಭವಾಗಿ ಓದಿಸಿಕೊಳ್ಳುತ್ತದೆ. ದುಡ್ಡು ಖರ್ಚು ಮಾಡಲು ಅಡ್ಡಿಯಿಲ್ಲ ಅಂದರೆ 1996ರಲ್ಲಿ ರಾಬರ್ಟ್ ಸ್ಟ್ರಾಸ್ಲರ್ ಸಂಪಾದಿಸಿದ ‘ಲ್ಯಾಂಡ್‌ಮಾರ್ಕ್’ ಆವೃತ್ತಿ ತೆಗೆದುಕೊಳ್ಳಿ. ಪಠ್ಯ ಕ್ರಾಲಿಯದ್ದೇ, ತುಸು ತಿದ್ದಿದ್ದು. ಆದರೆ ಹೆಜ್ಜೆ ಹೆಜ್ಜೆಗೂ ಭೂಪಟ, ಅಂಚಿನಲ್ಲಿ ಸಾರಾಂಶ. ಈ ಯುದ್ಧದಲ್ಲಿ ಭೂಪಟ ಇಲ್ಲದೆ ಒಂದು ಹೆಜ್ಜೆ ಇಡುವುದೂ ಕಷ್ಟ. ಪುಸ್ತಕ ದಪ್ಪ, ಬಸ್ಸಿನಲ್ಲಿ ಹಿಡಿದು ಓದಲಾಗದು.

ಐದೂ ಬೇಡ, ಒಂದೇ ಪುಸ್ತಕದಲ್ಲಿ ಮೊದಲಿಂದ ಕೊನೆವರೆಗೆ ಕಥೆ ಸಾಕು ಅನ್ನುವವರಿಗೆ ಡೊನಾಲ್ಡ್ ಕೇಗನ್ 2003ರಲ್ಲಿ ತಂದ ಒಂದು ಸಂಪುಟದ ಇತಿಹಾಸ ಇದೆ. ಅವರು ಇದೇ ಯುದ್ಧದ ಮೇಲೆ ಮೊದಲು ನಾಲ್ಕು ಸಂಪುಟ ಬರೆದವರು. ಥ್ಯೂಸಿಡಿಡೀಸನ ಜೊತೆ ಅಲ್ಲಲ್ಲಿ ಜಗಳವನ್ನೂ ಆಡುತ್ತಾರೆ, ಮುಖ್ಯವಾಗಿ ಯುದ್ಧ ತಪ್ಪಿಸಲಾಗದ್ದಾಗಿತ್ತು ಅನ್ನುವ ಮಾತನ್ನು ಒಪ್ಪುವುದಿಲ್ಲ. ಅದನ್ನು ಓದಿ ಮುಗಿಸಿದ ಮೇಲಾದರೂ ಥ್ಯೂಸಿಡಿಡೀಸನ ಮೊದಲ ಪುಸ್ತಕ ತೆರೆಯಿರಿ. ಎಪಿಡಾಮ್ನಸ್ ಎಲ್ಲಿದೆ ಅಂತ ಆಗ ಭೂಪಟ ನೋಡದೆಯೇ ಗೊತ್ತಿರುತ್ತದೆ.